ಐದನೆಯ ವರ್ಷದ ಒಂದು ಮಂಗಳವಾರ: ತೂಕ ಇಳಿಸಲು ಶಸ್ತ್ರಚಿಕಿತ್ಸೆಯೋ, ಜೀವನಶೈಲಿಯ ಬದಲಾವಣೆಯೋ?

ತೂಕ ಇಳಿಸಿಕೊಂಡವರ ಫೋಟೊಗಳು ಹೆಚ್ಚಾಗಿ ಮೊದಲ ವರ್ಷದವು. ಹಳೆಯ ಪ್ಯಾಂಟಿನ ಒಂದೇ ಕಾಲಿನೊಳಗೆ ಇಡೀ ಮೈಯನ್ನು ತೂರಿಸಿ, ಸೊಂಟದ ಪಟ್ಟಿಯನ್ನು ಮುಂದಕ್ಕೆ ಎಳೆದು ಹಿಡಿದು ನಗುವ ಫೋಟೊ ಅದು. ಆಪರೇಷನ್ ಮಾಡಿಸಿಕೊಂಡವರೂ ಹಾಗೆಯೇ ನಿಲ್ಲುತ್ತಾರೆ, ಪಥ್ಯ ಮಾಡಿ ನಡೆದು ನಡೆದು ಇಳಿದವರೂ ಹಾಗೆಯೇ ನಿಲ್ಲುತ್ತಾರೆ. ಐದನೆಯ ವರ್ಷದ ಫೋಟೊ ಮಾತ್ರ ಎಲ್ಲೂ ಕಾಣಿಸುವುದಿಲ್ಲ.

ಈ ಎರಡು ದಾರಿಗಳನ್ನು ಹೋಲಿಸಬೇಕಾದದ್ದು ಆ ಕಾಣದ ಫೋಟೊವನ್ನು ಇಟ್ಟುಕೊಂಡು ಎಂಬುದು ನನ್ನ ಅಭಿಪ್ರಾಯ. ಐದನೆಯ ವರ್ಷದ ಯಾವುದೋ ಒಂದು ಮಂಗಳವಾರವನ್ನು ಊಹಿಸಿಕೊಳ್ಳಿ. ಹೊಗಳಿಕೆಗಳು ನಿಂತು ಬಹಳ ದಿನಗಳಾಗಿವೆ. ಕಚೇರಿಯಲ್ಲಿ ಕೆಲಸ ಹೆಚ್ಚಾಗಿದೆ, ರಾತ್ರಿ ನಿದ್ದೆ ಸರಿಯಾಗಿ ಆಗಿಲ್ಲ. ಆ ದಿನ ನಿಮಗೆ ಎಷ್ಟು ಹಸಿವಾಗುತ್ತಿರುತ್ತದೆ? ತಟ್ಟೆಯಲ್ಲಿ ಏನಿರುತ್ತದೆ? ಯಾವ ಮಾತ್ರೆಗಳನ್ನು ನುಂಗುತ್ತಿರುತ್ತೀರಿ? ಮೊದಲ ಆರು ತಿಂಗಳಲ್ಲಿ ಎಷ್ಟು ಕಿಲೋ ಇಳಿಯುತ್ತದೆ ಎಂಬ ಪ್ರಶ್ನೆಗಿಂತ ಇವು ಹೆಚ್ಚು ಉಪಯೋಗಕ್ಕೆ ಬರುವ ಪ್ರಶ್ನೆಗಳು.

ಶಸ್ತ್ರಚಿಕಿತ್ಸೆ ಸೋಮಾರಿಗಳ ಅಡ್ಡದಾರಿ ಎನ್ನುವವರಿದ್ದಾರೆ. ಪಥ್ಯ, ವ್ಯಾಯಾಮಗಳಿಂದ ಯಾರಿಗೂ ಏನೂ ಆಗುವುದಿಲ್ಲ, ನೇರವಾಗಿ ಆಪರೇಷನ್ ಮಾಡಿಸಿಕೊಳ್ಳಿ ಎನ್ನುವವರೂ ಇದ್ದಾರೆ. ಇಬ್ಬರ ಮಾತನ್ನೂ ಸದ್ಯಕ್ಕೆ ಬಾಗಿಲಾಚೆ ಇಟ್ಟು ಮುಂದೆ ಓದಿ.

ಮೊದಲು ಒಂದು ಸಣ್ಣ ಲೆಕ್ಕ

ಎಲ್ಲರ ಮುಂದೆಯೂ ಎರಡು ದಾರಿಗಳಿರುವುದಿಲ್ಲ. ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. 1.6 ಮೀಟರ್ ಎತ್ತರವಿದ್ದು 90 ಕಿಲೋ ತೂಗುವವರ ಬಿಎಂಐ ಸುಮಾರು 35. ಈ ಅಂಕಿ ಕೊಬ್ಬನ್ನೂ ಸ್ನಾಯುವನ್ನೂ ಬೇರೆ ಮಾಡಿ ನೋಡುವುದಿಲ್ಲ, ಆದ್ದರಿಂದ ಇದೇ ಕೊನೆಯ ಮಾತಲ್ಲ. ಆದರೂ ಆಪರೇಷನ್ ಕೊಠಡಿಯ ಬಾಗಿಲಲ್ಲಿ ಕೇಳುವ ಮೊದಲ ಅಂಕಿ ಇದೇ.

1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಒಂದು ಗೆರೆ ಎಳೆದಿತ್ತು: ಬಿಎಂಐ 40 ಇರಬೇಕು, ಅಥವಾ 35ರ ಜೊತೆಗೆ ಬೊಜ್ಜಿನಿಂದ ಬಂದ ಗಂಭೀರ ಕಾಯಿಲೆ ಇರಬೇಕು. ಮೂರು ದಶಕ ಆ ಗೆರೆಯೇ ನಡೆಯಿತು. 2022ರಲ್ಲಿ ಅಮೆರಿಕದ ಹಾಗೂ ಅಂತರರಾಷ್ಟ್ರೀಯ ಬೊಜ್ಜು ಶಸ್ತ್ರಚಿಕಿತ್ಸಾ ಸಂಘಟನೆಗಳು ಅದನ್ನು ಕೆಳಗಿಳಿಸಿದವು. ಈಗ 35 ದಾಟಿದವರಿಗೆ ಬೇರೆ ಕಾಯಿಲೆ ಇರಲಿ, ಬಿಡಲಿ, ಶಸ್ತ್ರಚಿಕಿತ್ಸೆಯನ್ನು ಶಿಫಾರಸು ಮಾಡಬಹುದು. 30ರಿಂದ 35ರೊಳಗಿದ್ದು ಟೈಪ್ 2 ಮಧುಮೇಹದಂತಹ ತೊಂದರೆ ಇರುವವರ ವಿಷಯದಲ್ಲಿಯೂ ಯೋಚಿಸಬಹುದು. ಏಷ್ಯಾ ಮೂಲದವರಲ್ಲಿ ಕಡಿಮೆ ತೂಕಕ್ಕೇ ಮಧುಮೇಹ ಅಂಟಿಕೊಳ್ಳುವುದರಿಂದ ಅವರಿಗೆ ಗೆರೆ 27.5ರಿಂದಲೇ ಶುರುವಾಗುತ್ತದೆ.

ನಿಮ್ಮ ಅಂಕಿ ಈ ಗೆರೆಗಳ ಕೆಳಗಿದ್ದರೆ ಹೋಲಿಕೆಯ ಅಗತ್ಯವೇ ಇಲ್ಲ. ಮದುವೆಗೋ ಸಮಾರಂಭಕ್ಕೋ ಏಳೆಂಟು ಕಿಲೋ ಇಳಿಸಲು ಹೊಟ್ಟೆ ಕೊಯ್ಯಿಸಿಕೊಳ್ಳುವ ಮಾತನ್ನು ಒಳ್ಳೆಯ ವೈದ್ಯರು ಆಡುವುದಿಲ್ಲ.

ಹಸಿವಿನ ಹಟ

ಇಳಿಸಿದ ತೂಕ ಏಕೆ ಮರಳಿ ಬರುತ್ತದೆ? ಇದನ್ನು ಅರ್ಥಮಾಡಿಕೊಳ್ಳದೆ ಯಾವ ದಾರಿಯನ್ನು ಆರಿಸಿಕೊಂಡರೂ ಕುರುಡು ಆಯ್ಕೆಯೇ.

ತೂಕ ಇಳಿದಾಗ ದೇಹ ಅದನ್ನು ಬರಗಾಲವೆಂದು ಭಾವಿಸುತ್ತದೆ. ಕೊಬ್ಬಿನ ಕೋಶಗಳಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನು ಕಡಿಮೆಯಾಗುತ್ತದೆ. 'ಸಾಕು' ಎಂಬ ಸಂದೇಶವನ್ನು ಮಿದುಳಿಗೆ ಒಯ್ಯುತ್ತಿದ್ದದ್ದು ಅದು. ಜಠರದಿಂದ ಹೊರಡುವ ಗ್ರೆಲಿನ್ ಏರುತ್ತದೆ. ಅದು ಹಸಿವಿನ ಡಂಗುರ. ಇದರ ಜೊತೆಗೆ, ಸುಮ್ಮನೆ ಕುಳಿತಾಗಲೂ ದೇಹ ಮೊದಲಿಗಿಂತ ಕಡಿಮೆ ಕ್ಯಾಲೊರಿ ಖರ್ಚು ಮಾಡಿ ಜಿಪುಣತನ ತೋರಿಸುತ್ತದೆ. ಇದೆಲ್ಲ ನಾಲ್ಕು ದಿನದ ಮಾತಾಗಿದ್ದರೆ ಸಹಿಸಬಹುದಿತ್ತು. ಆದರೆ 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ, ಹತ್ತು ವಾರಗಳ ಕಠಿಣ ಪಥ್ಯದಿಂದ ತೂಕ ಇಳಿಸಿಕೊಂಡವರನ್ನು ಒಂದು ವರ್ಷ ಕಳೆದ ಮೇಲೆ ಪರೀಕ್ಷಿಸಿದರೆ, ಹಸಿವಿನ ಹಾರ್ಮೋನುಗಳು ಆಗಲೂ ಹಳೆಯ ಸ್ಥಿತಿಗೆ ಬಂದಿರಲಿಲ್ಲ. ವರ್ಷ ಕಳೆದರೂ ದೇಹ ತನ್ನ ಹಳೆಯ ತೂಕವನ್ನು ಮರೆತಿರಲಿಲ್ಲ.

ಹಾಗಾಗಿ 'ಮನಸ್ಸು ಗಟ್ಟಿ ಇಲ್ಲ' ಎಂದು ದಪ್ಪಗಿರುವವರನ್ನು ಛೇಡಿಸುವವರು ಒಂದು ವರ್ಷ ಪೂರ್ತಿ ಅರೆಹೊಟ್ಟೆಯಲ್ಲಿ ಇದ್ದು ನೋಡಬೇಕು.

ಶಸ್ತ್ರಚಿಕಿತ್ಸೆಯ ನಿಜವಾದ ಗುಟ್ಟು ಇರುವುದೂ ಇಲ್ಲಿಯೇ. ಜಠರ ಚಿಕ್ಕದಾಗುವುದರಿಂದ ಹೆಚ್ಚು ತಿನ್ನಲಾಗುವುದಿಲ್ಲ, ಅಷ್ಟೇ ಎಂದು ಬಹಳ ಜನ ತಿಳಿದಿದ್ದಾರೆ. ಅದು ಅರ್ಧ ಸತ್ಯ. ಆಹಾರ ಸಣ್ಣ ಕರುಳಿನ ಕೆಳಭಾಗವನ್ನು ಬೇಗನೆ ತಲುಪುವುದರಿಂದ ಜಿಎಲ್‌ಪಿ-1, ಪಿವೈವೈ ಎಂಬ ತೃಪ್ತಿಯ ಹಾರ್ಮೋನುಗಳು ಹೆಚ್ಚಾಗಿ ಸ್ರವಿಸುತ್ತವೆ. ಜಠರವನ್ನು ಕೊಳವೆಯಂತೆ ಕಿರಿದು ಮಾಡುವ ಸ್ಲೀವ್ ವಿಧಾನದಲ್ಲಿ ಗ್ರೆಲಿನ್ ತಯಾರಾಗುವ ಜಠರದ ಮೇಲ್ಭಾಗವನ್ನೇ ತೆಗೆದುಬಿಡುತ್ತಾರೆ. ಪಥ್ಯದಿಂದ ಇಳಿದವರ ಹಸಿವು ಏರಿದರೆ, ಶಸ್ತ್ರಚಿಕಿತ್ಸೆಯಿಂದ ಇಳಿದವರ ಹಸಿವು, ಕಡೇಪಕ್ಷ ಮೊದಲ ಒಂದೆರಡು ವರ್ಷ, ತಗ್ಗಿರುತ್ತದೆ. ಒಬ್ಬರು ಪ್ರವಾಹಕ್ಕೆ ಎದುರಾಗಿ ಈಜುತ್ತಾರೆ, ಇನ್ನೊಬ್ಬರಿಗೆ ನೀರಿನ ಸೆಳೆತ ಕಡಿಮೆ. ಈಜುವ ಕೆಲಸ ಮಾತ್ರ ಇಬ್ಬರಿಗೂ ಇದೆ.

ತಟ್ಟೆ ಮತ್ತು ನಡಿಗೆಯಿಂದ ಎಷ್ಟು?

ಅಮೆರಿಕದಲ್ಲಿ 2001ರಲ್ಲಿ ಆರಂಭವಾದ ಲುಕ್ ಅಹೆಡ್ ಅಧ್ಯಯನ ಟೈಪ್ 2 ಮಧುಮೇಹವಿದ್ದ 5,145 ಜನರನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಆಹಾರ ತಜ್ಞರು, ವ್ಯಾಯಾಮದ ಮಾರ್ಗದರ್ಶನ, ಮೇಲಿಂದ ಮೇಲೆ ಸಭೆಗಳು, ಹೀಗೆ ಸಾಮಾನ್ಯರಿಗೆ ಸಿಗದಷ್ಟು ಬೆಂಬಲ ಸಿಕ್ಕಿತು. ಮೊದಲ ವರ್ಷ ಆ ಗುಂಪಿನವರು ಸರಾಸರಿ ಶೇ. 8.6ರಷ್ಟು ತೂಕ ಕಳೆದುಕೊಂಡರು. ಹತ್ತು ವರ್ಷಗಳ ಹತ್ತಿರ ಬಂದಾಗ ಉಳಿದದ್ದು ಶೇ. 6. ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ ಎಂದು 2012ರಲ್ಲಿ ಆ ಕಾರ್ಯಕ್ರಮವನ್ನೇ ನಿಲ್ಲಿಸಿದರು.

ಇದನ್ನು ಓದಿ ನಿರಾಶರಾಗುವ ಮೊದಲು ಇನ್ನೊಂದನ್ನು ನೋಡಿ. 2002ರಲ್ಲಿ ಫಲಿತಾಂಶ ಪ್ರಕಟಿಸಿದ ಮಧುಮೇಹ ತಡೆ ಅಧ್ಯಯನದಲ್ಲಿ, ಮಧುಮೇಹದ ಅಂಚಿನಲ್ಲಿದ್ದವರಿಗೆ ಶೇ. 7ರಷ್ಟು ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷಗಳ ನಡಿಗೆಯ ಗುರಿ ಕೊಟ್ಟರು. ಮಧುಮೇಹ ಬರುವ ಪ್ರಮಾಣ ಶೇ. 58ರಷ್ಟು ತಗ್ಗಿತು. ಅದೇ ಅಧ್ಯಯನದಲ್ಲಿ ಮೆಟ್‌ಫಾರ್ಮಿನ್ ಮಾತ್ರೆಯಿಂದ ತಗ್ಗಿದ್ದು ಶೇ. 31. ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ, ಆರು ವರ್ಷದೊಳಗೆ ಮಧುಮೇಹ ಪತ್ತೆಯಾಗಿದ್ದವರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಆಹಾರ ಕೊಟ್ಟು, ಆಮೇಲೆ ನಿಧಾನವಾಗಿ ಸಾಮಾನ್ಯ ಊಟಕ್ಕೆ ತಂದರು. ವರ್ಷದ ಕೊನೆಗೆ ಶೇ. 46 ಜನ ಔಷಧಿಯಿಲ್ಲದೆ ಮಧುಮೇಹದಿಂದ ಹೊರಗಿದ್ದರು. ಎರಡನೆಯ ವರ್ಷಕ್ಕೆ ಅದು ಶೇ. 36ಕ್ಕೆ ಇಳಿಯಿತು.

ಅಂದರೆ ಜೀವನಶೈಲಿಯ ಬದಲಾವಣೆ ಕೊಡುವ ಕಿಲೋಗಳು ಕಡಿಮೆ, ಆದರೆ ಆ ಕಿಲೋಗಳ ಬೆಲೆ ಹೆಚ್ಚು. 120 ಕಿಲೋ ತೂಗುವವರಿಗೆ ಶೇ. 6 ಎಂದರೆ ಏಳು ಕಿಲೋ. ಕನ್ನಡಿ ಅದನ್ನು ಗುರುತಿಸದಿರಬಹುದು. ರಕ್ತದೊತ್ತಡ, ಮಂಡಿ, ಸಕ್ಕರೆಯ ಅಂಶ ಗುರುತಿಸುತ್ತವೆ. ಆದರೆ ಮಂಡಿ ಸವೆದು ಹೋಗಿ, ನಿದ್ದೆಯಲ್ಲಿ ಉಸಿರು ಕಟ್ಟಿ, ಇನ್ಸುಲಿನ್ ಡೋಸ್ ಏರುತ್ತಲೇ ಇರುವವರಿಗೆ ಏಳು ಕಿಲೋ ಸಾಲುವುದಿಲ್ಲ ಎಂಬುದೂ ಅಷ್ಟೇ ನಿಜ.

ಇಳಿಸಿದ್ದನ್ನು ಉಳಿಸಿಕೊಂಡವರು ಇಲ್ಲವೇ ಇಲ್ಲ ಎಂದಲ್ಲ. ಅಂಥವರನ್ನು ಹುಡುಕಿ ದಾಖಲಿಸುವ ಪಟ್ಟಿಯೊಂದು 1994ರಿಂದ ಅಮೆರಿಕದಲ್ಲಿದೆ. ಸೇರಬೇಕಾದರೆ ಕನಿಷ್ಠ 13.6 ಕಿಲೋ ಇಳಿಸಿ ಒಂದು ವರ್ಷ ಉಳಿಸಿಕೊಂಡಿರಬೇಕು. ಅವರ ಅಭ್ಯಾಸಗಳನ್ನು ಓದಿದರೆ ಬೇಸರ ಬರುವಷ್ಟು ಸಪ್ಪೆ: ಹೆಚ್ಚಿನವರು ದಿನಕ್ಕೆ ಸುಮಾರು ಒಂದು ಗಂಟೆ ಮೈ ದಣಿಸುತ್ತಾರೆ, ಬೆಳಗಿನ ಉಪಾಹಾರ ಬಿಡುವುದಿಲ್ಲ, ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ, ಟಿವಿ ಮುಂದೆ ಕಡಿಮೆ ಕೂರುತ್ತಾರೆ. ಮಂಗಳವಾರವನ್ನು ಗೆದ್ದವರು ಇವರು.

ಆಪರೇಷನ್‌ನಿಂದ ಎಷ್ಟು?

ಈ ಪ್ರಶ್ನೆಗೆ ದೀರ್ಘಕಾಲದ ಉತ್ತರ ಕೊಟ್ಟದ್ದು 1987ರಲ್ಲಿ ಆರಂಭವಾದ ಸ್ವೀಡನ್ನಿನ ಅಧ್ಯಯನ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 2,010 ಜನ, ಮಾಡಿಸಿಕೊಳ್ಳದೆ ಸಾಮಾನ್ಯ ಚಿಕಿತ್ಸೆ ಪಡೆದ 2,037 ಜನ. ಇಪ್ಪತ್ತು ವರ್ಷಗಳ ನಂತರ ಮೊದಲ ಗುಂಪಿನ ತೂಕ ಸರಾಸರಿ ಶೇ. 18 ಕಡಿಮೆಯಿತ್ತು, ಎರಡನೆಯ ಗುಂಪಿನದು ಶೇ. 1. ಊಟದ ದಾರಿಯನ್ನೇ ಬದಲಿಸುವ ಗ್ಯಾಸ್ಟ್ರಿಕ್ ಬೈಪಾಸ್ ಆದವರಲ್ಲಿ ಒಂದೆರಡು ವರ್ಷಕ್ಕೆ ಶೇ. 32 ಇಳಿದದ್ದು ಹತ್ತನೆಯ ವರ್ಷಕ್ಕೆ ಶೇ. 25ಕ್ಕೆ ಬಂದು ನಿಂತಿತು. ಇಲ್ಲಿಯೂ ಸ್ವಲ್ಪ ತೂಕ ಮರಳಿದೆ ಎಂಬುದನ್ನು ಗಮನಿಸಿ. 2020ರಲ್ಲಿ ಲೆಕ್ಕ ಹಾಕಿದಾಗ ಶಸ್ತ್ರಚಿಕಿತ್ಸೆಯ ಗುಂಪಿನವರ ಆಯುಷ್ಯ ಸುಮಾರು ಮೂರು ವರ್ಷ ಹೆಚ್ಚಿತ್ತು. ಸಾಮಾನ್ಯ ಜನರ ಆಯುಷ್ಯಕ್ಕಿಂತ ಮಾತ್ರ ಇನ್ನೂ ಕಡಿಮೆಯೇ. ಆ ಅಧ್ಯಯನದಲ್ಲಿ ಹೆಚ್ಚಿನವರಿಗೆ ಮಾಡಿದ್ದು ಈಗ ಬಳಕೆ ತಪ್ಪಿದ ಹಳೆಯ ವಿಧಾನ, ಗುಂಪುಗಳನ್ನು ಚೀಟಿ ಎತ್ತಿ ಹಂಚಿರಲಿಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು.

ಮಧುಮೇಹದ ಮಟ್ಟಿಗೆ, ಚೀಟಿ ಎತ್ತಿದಂತೆ ಗುಂಪು ಹಂಚಿದ ಅಧ್ಯಯನವೂ ಇದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ 150 ರೋಗಿಗಳನ್ನು ಐದು ವರ್ಷ ಗಮನಿಸಿದಾಗ, ಮೂರು ತಿಂಗಳ ಸರಾಸರಿ ಸಕ್ಕರೆ ಅಂಶವನ್ನು (ಎಚ್‌ಬಿಎ1ಸಿ) ಶೇ. 6ಕ್ಕೆ ಅಥವಾ ಅದಕ್ಕಿಂತ ಕೆಳಗೆ ತಂದವರು ಔಷಧಿ ಮಾತ್ರ ಪಡೆದ ಗುಂಪಿನಲ್ಲಿ ಶೇ. 5, ಸ್ಲೀವ್ ಗುಂಪಿನಲ್ಲಿ 23, ಬೈಪಾಸ್ ಗುಂಪಿನಲ್ಲಿ 29. ವ್ಯತ್ಯಾಸ ದೊಡ್ಡದು. ಆದರೆ ಶಸ್ತ್ರಚಿಕಿತ್ಸೆ ಆದವರಲ್ಲೂ ಹತ್ತರಲ್ಲಿ ಏಳು ಜನ ಆ ಗುರಿ ಮುಟ್ಟಲಿಲ್ಲ. 'ಸಕ್ಕರೆ ಕಾಯಿಲೆ ಮಾಯ' ಎಂಬ ಜಾಹೀರಾತುಗಳು ಈ ಏಳು ಜನರ ಸುದ್ದಿ ಎತ್ತುವುದಿಲ್ಲ.

ಅಪಾಯ? ಅಮೆರಿಕದ ಹತ್ತು ಕೇಂದ್ರಗಳಲ್ಲಿ 4,776 ಜನರನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ವರದಿಯಂತೆ ಮೂವತ್ತು ದಿನಗಳೊಳಗೆ ಸತ್ತವರು ಶೇ. 0.3. ಹೊಲಿಗೆಯ ಜಾಗದಲ್ಲಿ ಸೋರಿಕೆ, ರಕ್ತಸ್ರಾವ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಏರುವುದು, ಇವು ಹೆದರಬೇಕಾದ ತೊಡಕುಗಳು. ದಿನವೂ ಇದೇ ಕೆಲಸ ಮಾಡುವ ತಂಡದ ಕೈಯಲ್ಲಿ ಅಪಾಯ ಕಡಿಮೆ.

ಸ್ಲೀವ್ ಅಥವಾ ಬೈಪಾಸ್

ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆಯನ್ನು ಉಳಿಸುತ್ತಾರೆ. ಕರುಳನ್ನು ಮುಟ್ಟುವುದಿಲ್ಲ. ಕತ್ತರಿಸಿದ್ದು ಮತ್ತೆ ಬರುವುದಿಲ್ಲ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಮೊಟ್ಟೆಯಷ್ಟು ಸಣ್ಣ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಉಳಿದ ಜಠರ ಹೊಟ್ಟೆಯೊಳಗೇ ಇರುತ್ತದೆ, ಊಟ ಆ ದಾರಿಯಲ್ಲಿ ಹೋಗುವುದಿಲ್ಲ.

ಆಯ್ಕೆಗೆ ಒಂದು ಒರಟು ಸೂತ್ರ: ನಿಮಗೆ ಈಗಾಗಲೇ ಎದೆಯುರಿ, ಹುಳಿತೇಗು ಜೋರಾಗಿದ್ದರೆ ಸ್ಲೀವ್ ಬಗ್ಗೆ ಎರಡು ಸಲ ಯೋಚಿಸಿ, ಅದು ಉರಿಯನ್ನು ಹೆಚ್ಚಿಸಬಹುದು. ಫಿನ್‌ಲ್ಯಾಂಡಿನ ಅಧ್ಯಯನವೊಂದರಲ್ಲಿ ಹತ್ತು ವರ್ಷದ ನಂತರ ಅನ್ನನಾಳದ ಉರಿಯೂತ ಸ್ಲೀವ್ ಆದವರಲ್ಲಿ ಶೇ. 31, ಬೈಪಾಸ್ ಆದವರಲ್ಲಿ ಶೇ. 7 ಕಂಡುಬಂದಿತ್ತು. ಹಳೆಯ ಮಧುಮೇಹಕ್ಕೂ ಬೈಪಾಸ್ ತುಸು ಮೇಲು. ಆದರೆ ಸಿಗರೇಟು ಬಿಡಲಾಗದವರು, ಕೀಲುನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂತಹ ಮಾತ್ರೆಗಳನ್ನು ತಪ್ಪದೆ ನುಂಗಬೇಕಾದವರು ಬೈಪಾಸ್‌ನಿಂದ ದೂರ ಇರುವುದು ಕ್ಷೇಮ. ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ. ಜಠರಕ್ಕೆ ಪಟ್ಟಿ ಕಟ್ಟುವ ಬ್ಯಾಂಡ್ ವಿಧಾನ ಮತ್ತೆ ಮತ್ತೆ ಆಪರೇಷನ್ ಬೇಡುತ್ತದೆಂದು ಹಿಂದೆ ಸರಿದಿದೆ. ಜಠರದೊಳಗೆ ಇಡುವ ಬಲೂನನ್ನು ಸಾಮಾನ್ಯವಾಗಿ ಆರು ತಿಂಗಳಿಗೆ ತೆಗೆಯುತ್ತಾರೆ. ಅದು ತಾತ್ಕಾಲಿಕ.

ಹೊಲಿಗೆ ಒಣಗಿದ ಮೇಲೆ

ಶಸ್ತ್ರಚಿಕಿತ್ಸೆಗೂ ಜೀವನಶೈಲಿಗೂ ನಡುವೆ ಗೋಡೆ ಇದೆ ಎಂದುಕೊಂಡವರು ಆಪರೇಷನ್ ಆದವರ ಒಂದು ದಿನವನ್ನು ನೋಡಬೇಕು. ಮೊದಲು ಬರೀ ದ್ರವ, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು, ಹೀಗೆ ವಾರಗಟ್ಟಲೆ ಹತ್ತಿದ ಮೇಲೆ ಸಾಮಾನ್ಯ ಊಟ. ಆ ಊಟದಲ್ಲಿಯೂ ಪ್ರೋಟೀನ್ ಮೊದಲು, ದಿನಕ್ಕೆ 60ರಿಂದ 80 ಗ್ರಾಂ. ತುತ್ತನ್ನು ಪುಡಿಯಾಗುವಷ್ಟು ಅಗಿಯಬೇಕು. ಊಟದ ಜೊತೆ ನೀರು ಕುಡಿಯುವಂತಿಲ್ಲ, ಅರ್ಧ ಗಂಟೆ ಕಾಯಬೇಕು. ಎರಡು ತುತ್ತು ಹೆಚ್ಚಾದರೆ ಎದೆಯಲ್ಲಿ ಕಲ್ಲು ಕೂತಂತೆ ನೋವು.

ಬೈಪಾಸ್ ಆದವರು ಸಿಹಿ ತಿಂದರೆ ಅರ್ಧ ಗಂಟೆಯೊಳಗೆ ಎದೆ ಡವಗುಟ್ಟಿ, ಮೈ ಬೆವತು, ಹೊಟ್ಟೆ ನುಲಿಯಬಹುದು. ವೈದ್ಯರು ಇದನ್ನು ಡಂಪಿಂಗ್ ಎನ್ನುತ್ತಾರೆ. ಕೆಲವರು ಇದನ್ನೇ ಕಾವಲುಗಾರ ಎಂದು ಸ್ವಾಗತಿಸುತ್ತಾರೆ, ಕೆಲವರು ಮನೆಯ ಹೊರಗೆ ಉಣ್ಣುವುದಕ್ಕೇ ಹೆದರುತ್ತಾರೆ.

ಇನ್ನು ಮಾತ್ರೆಗಳು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ, ಬಹುವಿಟಮಿನ್, ಇವು ಒಂದು ವರ್ಷದ ಕೋರ್ಸ್ ಅಲ್ಲ, ಜೀವನಪರ್ಯಂತ. ಬಿಟ್ಟರೆ ತಕ್ಷಣ ಏನೂ ಆಗುವುದಿಲ್ಲ, ಅದೇ ಅಪಾಯ. ರಕ್ತಹೀನತೆ, ಮೂಳೆ ಸವೆತ, ಕೈಕಾಲು ಜೋಮು ವರ್ಷಗಳ ನಂತರ ಸದ್ದಿಲ್ಲದೆ ಬರುತ್ತವೆ. ವಾಂತಿ ನಿಲ್ಲದೆ ಇದ್ದರೆ ಬಿ1 ಕೊರತೆಯಿಂದ ನರಗಳಿಗೆ ಪೆಟ್ಟು ಬೀಳುತ್ತದೆ, ಅದಕ್ಕೆ ಕಾಯುವಂತಿಲ್ಲ, ಅಂದೇ ಆಸ್ಪತ್ರೆಗೆ ಹೋಗಬೇಕು. ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ಕಡ್ಡಾಯ.

ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುತ್ತದೆ, ಹೆಚ್ಚಿನವರಲ್ಲಿ ಮತ್ತೆ ಬರುತ್ತದೆ. ಜೋಲುಬೀಳುವ ಚರ್ಮ ತಾನಾಗಿ ಹಿಂದಕ್ಕೆ ಹೋಗುವುದಿಲ್ಲ. ವೇಗವಾಗಿ ತೂಕ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲಾಗಬಹುದು. ಮೊದಲ 12ರಿಂದ 18 ತಿಂಗಳು ಗರ್ಭ ಧರಿಸಬಾರದು. ಬೈಪಾಸ್ ನಂತರ ಗರ್ಭನಿರೋಧಕ ಮಾತ್ರೆಗಳನ್ನು ಪೂರ್ತಿ ನಂಬುವಂತಿಲ್ಲ, ಆದ್ದರಿಂದ ಬೇರೆ ವಿಧಾನವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಮನಸ್ಸಿನ ವಿಷಯವನ್ನು ಬಹಳ ಕಡೆ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಬೇಸರಕ್ಕೆ, ಒಂಟಿತನಕ್ಕೆ, ಸಿಟ್ಟಿಗೆ ತಿನ್ನುವುದೇ ಔಷಧಿಯಾಗಿದ್ದವರಿಂದ ಆ ಔಷಧಿಯನ್ನು ಒಂದೇ ದಿನ ಕಿತ್ತುಕೊಂಡಂತಾಗುತ್ತದೆ. ಕೆಲವರು ಮದ್ಯದ ಕಡೆ ವಾಲುತ್ತಾರೆ. ಬೈಪಾಸ್ ನಂತರ ಮದ್ಯ ಬೇಗನೆ ರಕ್ತಕ್ಕೆ ಸೇರಿ ಬೇಗನೆ ಏರುತ್ತದೆ. 2007ರಲ್ಲಿ ಪ್ರಕಟವಾದ ಅಮೆರಿಕದ ಯೂಟಾ ರಾಜ್ಯದ ಅಧ್ಯಯನದಲ್ಲಿ ಬೈಪಾಸ್ ಆದವರ ಒಟ್ಟು ಸಾವು ಶೇ. 40 ಕಡಿಮೆಯಿತ್ತು, ಆದರೆ ಅಪಘಾತ, ಆತ್ಮಹತ್ಯೆಯಂತಹ ಕಾಯಿಲೆಯಲ್ಲದ ಕಾರಣಗಳ ಸಾವು ಶೇ. 58 ಹೆಚ್ಚಿತ್ತು. ಆಪರೇಷನ್‌ಗೆ ಮುನ್ನ ಮನಶ್ಶಾಸ್ತ್ರಜ್ಞರ ಬಳಿ ಕಳಿಸಿದರೆ ಅದನ್ನು ಸುಮ್ಮನೆ ಕಾಗದಪತ್ರದ ಕೆಲಸವೆಂದು ತಿಳಿಯಬೇಡಿ.

ತೂಕ ಮರಳುವ ದಾರಿಯೂ ಗೊತ್ತಿರಲಿ. ಸಣ್ಣ ಜಠರ ದೊಡ್ಡ ಊಟವನ್ನು ತಡೆಯುತ್ತದೆ. ಐಸ್‌ಕ್ರೀಮು, ಸಕ್ಕರೆ ಪಾನೀಯ, ದಿನವಿಡೀ ಬಾಯಾಡಿಸುವ ಕುರುಕಲುಗಳನ್ನು ತಡೆಯುವುದಿಲ್ಲ. ಅವು ಸುಲಭವಾಗಿ ಇಳಿದುಹೋಗುತ್ತವೆ.

ಚುಚ್ಚುಮದ್ದಿನ ದಾರಿ

ಈಚೆಗೆ ಹೋಲಿಕೆಗೆ ಮೂರನೆಯವರೊಬ್ಬರು ಬಂದಿದ್ದಾರೆ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ಎಂಬ ಔಷಧಿ 2021ರ ಪ್ರಯೋಗದಲ್ಲಿ 68 ವಾರಗಳಲ್ಲಿ ಸರಾಸರಿ ಶೇ. 15ರ ಹತ್ತಿರ ತೂಕ ಇಳಿಸಿತು. ಅಂಥದೇ ಇನ್ನೊಂದು ಔಷಧಿ ಟಿರ್ಜೆಪಟೈಡ್ 2022ರಲ್ಲಿ ಹೆಚ್ಚಿನ ಡೋಸ್‌ನಲ್ಲಿ ಶೇ. 20ನ್ನು ದಾಟಿತು. ಶಸ್ತ್ರಚಿಕಿತ್ಸೆಯ ಹತ್ತಿರಕ್ಕೆ ಬರುವ ಅಂಕಿಗಳಿವು. ಆದರೆ ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಒಂದೇ ವರ್ಷದಲ್ಲಿ ಇಳಿದಿದ್ದ ತೂಕದ ಮೂರನೇ ಎರಡು ಭಾಗ ಮರಳಿತು. ಐದನೆಯ ವರ್ಷದ ಮಂಗಳವಾರವೂ ಸೂಜಿ ಹಿಡಿಯಲು ದುಡ್ಡು ಮತ್ತು ಮನಸ್ಸು ಇದೆಯೇ ಎಂಬುದು ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ.

ಯಾರು ಯಾವ ಕಡೆ?

ಬಿಎಂಐ 32, ಮಧುಮೇಹದ ಅಂಚು, ಇದುವರೆಗೆ ಒಂದು ಸಲವೂ ನೆಟ್ಟಗೆ ಆಹಾರ ತಜ್ಞರನ್ನು ಕಂಡಿಲ್ಲ: ಇಂಥವರು ಒಂದು ವರ್ಷವನ್ನು ತಟ್ಟೆಗೂ ನಡಿಗೆಗೂ ಪ್ರಾಮಾಣಿಕವಾಗಿ ಕೊಡಬೇಕು. ಬಿಎಂಐ 43, ಇನ್ಸುಲಿನ್, ಉಸಿರುಕಟ್ಟುವ ನಿದ್ದೆ, ಹತ್ತು ವರ್ಷದಲ್ಲಿ ಐದು ಸಲ ಇಳಿಸಿ ಐದು ಸಲ ಏರಿಸಿಕೊಂಡದ್ದು: ಇಂಥವರಿಗೆ 'ಇನ್ನೊಮ್ಮೆ ಪ್ರಯತ್ನಿಸಿ' ಎನ್ನುವುದು ನನಗೆ ಕ್ರೌರ್ಯವಾಗಿ ಕಾಣುತ್ತದೆ. ಅವರು ಪ್ರಯತ್ನಿಸಿದ್ದಾರೆ. ಶಸ್ತ್ರಚಿಕಿತ್ಸೆಯನ್ನು ಕೊನೆಯ ಆಸರೆ ಎಂದು ಮುಂದೂಡುತ್ತಾ ಹೋದರೆ ಮಧುಮೇಹ ಹಳೆಯದಾಗುತ್ತದೆ, ಹಳೆಯದಾದಷ್ಟೂ ಅದು ಹಿಂದೆ ಸರಿಯುವ ಸಾಧ್ಯತೆ ಕಡಿಮೆ.

ನಡುವಿನವರದೇ ಕಷ್ಟ. ಬಿಎಂಐ 36, ರಕ್ತದೊತ್ತಡ ಮಾತ್ರ, ಓಡಾಡಲು ತೊಂದರೆಯಿಲ್ಲ. ಇವರಿಗೆ ನಾನು ಹೇಳುವುದು: ಎರಡು ತಿಂಗಳು ಆಪರೇಷನ್ ಆದವರಂತೆ ಬದುಕಿ ನೋಡಿ. ನಿಧಾನವಾಗಿ ಅಗಿಯಿರಿ, ಪ್ರೋಟೀನ್ ಮೊದಲು ಉಣ್ಣಿ, ಸಕ್ಕರೆ ಪಾನೀಯ ಬಿಡಿ, ಒಂದು ಬಹುವಿಟಮಿನ್ ಮಾತ್ರೆಯನ್ನು ದಿನವೂ ತಪ್ಪದೆ ನುಂಗಿ, ತೂಕ ಬರೆದಿಡಿ. ಈ ದಿನಚರಿ ನಿಮಗೆ ಒಗ್ಗಿದರೆ ಕತ್ತರಿ ಬೇಕಾಗದೆಯೂ ಹೋಗಬಹುದು. ದಿನಚರಿ ಒಗ್ಗಿಯೂ ಹಸಿವು ಮಾತ್ರ ಬಿಡದೆ ಕಾಡಿದರೆ, ಶಸ್ತ್ರಚಿಕಿತ್ಸೆ ಸರಿಪಡಿಸುವುದು ಆ ಹಸಿವನ್ನೇ. ದಿನಕ್ಕೊಂದು ಮಾತ್ರೆಯನ್ನೇ ನೆನಪಿಡಲಾಗದಿದ್ದರೆ ಆಪರೇಷನ್ ದಿನಾಂಕವನ್ನು ಮುಂದಕ್ಕೆ ಹಾಕಿ.

ಸಹಿ ಹಾಕುವ ಮುನ್ನ

ಶಸ್ತ್ರಚಿಕಿತ್ಸಕರನ್ನು ಕಾಣಲು ಹೋಗುವಾಗ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡುತ್ತೀರಿ, ಸೋರಿಕೆ ಎಷ್ಟು ಜನಕ್ಕೆ ಆಗಿದೆ, ನನಗೆ ಸ್ಲೀವ್ ಏಕೆ, ಬೈಪಾಸ್ ಏಕಲ್ಲ, ಆಪರೇಷನ್ ಆದ ಮರುದಿನದಿಂದ ನನ್ನ ಇನ್ಸುಲಿನ್ ಮತ್ತು ರಕ್ತದೊತ್ತಡದ ಮಾತ್ರೆಗಳನ್ನು ಯಾರು ತಗ್ಗಿಸುತ್ತಾರೆ? ಸಕ್ಕರೆ ಬಹಳ ಬೇಗ ಇಳಿಯುವುದರಿಂದ ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಆಮೇಲೆ ಇನ್ನೊಂದನ್ನು ಕೇಳಿ: ಐದನೆಯ ವರ್ಷದಲ್ಲಿ ನನ್ನ ರಕ್ತಪರೀಕ್ಷೆಯ ವರದಿಯನ್ನು ನೋಡುವವರು ಯಾರು? ಒಬ್ಬ ಆಹಾರ ತಜ್ಞರ ಹೆಸರೋ, ತಪಾಸಣೆಯ ದಿನಚರಿಯೋ ಉತ್ತರವಾಗಿ ಬಂದರೆ ಮಾತುಕತೆ ಮುಂದುವರಿಸಿ. ಮೊದಲ ವರ್ಷದ ಫೋಟೊಗಳ ಆಲ್ಬಂ ಮುಂದಿಟ್ಟರೆ ಇನ್ನೊಂದು ಆಸ್ಪತ್ರೆಯನ್ನು ಹುಡುಕಿ.